ಆಫ್ರಿಕಾನಾ, ಪ್ಯಾಲೆಸ್ಟೀನಾ? ಯಹೂದಿಗಳ ಜಗಳ, ಪಾದ್ರಿಯ ಲೆಕ್ಕ

ಪ್ರಶ್ನೆ: ಯಹೂದಿಗಳಿಗೆ ಬ್ರಿಟಿಷರು ಮೊದಲು ಉಗಾಂಡದಲ್ಲಿ ಜಾಗ ಕೊಡಲು ಹೊರಟಿದ್ದರು ಎಂದು ಓದಿದೆ. ನಿಜವೇ? ಹಾಗಿದ್ದರೆ ಬೇಡ ಅಂದವರು ಯಾರು? ಇನ್ನೊಂದು ವಿಷಯ. ‘ಯಹೂದಿಗಳು ಅವರ ನೆಲಕ್ಕೆ ಮರಳಬೇಕು ಅಂತ ಕ್ರೈಸ್ತರು ಮೊದಲಿಂದಲೂ ಹೇಳುತ್ತಿದ್ದರು’ ಎಂದು ನಮ್ಮ ಚರ್ಚಿನ ಹಿರಿಯರೊಬ್ಬರು ಹೇಳುತ್ತಾರೆ. ಎಲ್ಲ ಕ್ರೈಸ್ತರೂ ಹಾಗೇ ಇದ್ದರೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಕೊಡಲು ಹೊರಟಿದ್ದು ನಿಜ. ಉಗಾಂಡ ಅನ್ನುವ ಹೆಸರು ಮಾತ್ರ ತಪ್ಪು. 1903ರಲ್ಲಿ ಬ್ರಿಟನ್ನಿನ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಮನಸ್ಸಿನಲ್ಲಿದ್ದ ಜಾಗ ಈಗಿನ ಕೆನ್ಯಾದಲ್ಲಿದೆ. ಉವಾಸಿನ್ ಗಿಶು ಎಂಬ ಎತ್ತರದ ಬಯಲು ಅದು. ಹತ್ತಿರದಲ್ಲಿ ಹಾದು ಹೋಗುತ್ತಿದ್ದ ರೈಲಿಗೆ ಉಗಾಂಡ ರೈಲ್ವೆ ಎಂಬ ಹೆಸರಿತ್ತು. ಭಾರತದಿಂದ ಹೋದ ಕೂಲಿಗಳೇ ಹಾಕಿದ ಹಳಿ. ಅದರ ಹೆಸರೇ ಈ ಯೋಜನೆಗೂ ಅಂಟಿಕೊಂಡಿತು. ಅಲ್ಲಿ ಮಸಾಯಿ, ನಂದಿ ಜನ ದನ ಮೇಯಿಸಿಕೊಂಡಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೇವ್ ಊರಿನಲ್ಲಿ ಯಹೂದಿಗಳ ಮೇಲೆ ದೊಡ್ಡ ದಾಳಿ ನಡೆದಿತ್ತು. 49 ಜನ ಸತ್ತರು. ಯಹೂದಿಗಳಿಗೆ ಸ್ವಂತ ನೆಲೆ ಬೇಕು ಎನ್ನುತ್ತಿದ್ದ ಜಿಯೋನಿಸ್ಟ್ ಚಳವಳಿಯ ನಾಯಕ ಥಿಯೋಡರ್ ಹರ್ಜಲ್‌ಗೆ ಆಗ ಅವಸರ. ಪ್ಯಾಲೆಸ್ಟೀನ್ ತುರ್ಕಿ ಸುಲ್ತಾನನ ಕೈಯಲ್ಲಿತ್ತು, ಅವನು ಬಿಟ್ಟುಕೊಡುವ ಹಾಗೆ ಕಾಣಲಿಲ್ಲ. ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರಿದ ಆರನೇ ಜಿಯೋನಿಸ್ಟ್ ಮಹಾಸಭೆಯ ಮುಂದೆ ಹರ್ಜಲ್ ಆಫ್ರಿಕಾ ಪ್ರಸ್ತಾಪ ಇಟ್ಟ. (ಬಾಸೆಲ್ ಅಂದರೆ ನಿಮ್ಮ ಊರಿನವರಿಗೆ ಹೊಸದಲ್ಲ ಬಿಡಿ. ಹಂಚಿನ ಕಾರ್ಖಾನೆ, ಕಿಟೆಲ್ ನಿಘಂಟು ಎರಡರ ಹಿಂದೆಯೂ ಇದ್ದ ಮಿಷನ್ನಿನ ಊರು ಅದೇ.)

‘ಸದ್ಯಕ್ಕೆ ರಾತ್ರಿ ಕಳೆಯಲು ಒಂದು ತಂಗುದಾಣ’ ಎಂದು ಹರ್ಜಲ್‌ನ ಒಡನಾಡಿ ಮ್ಯಾಕ್ಸ್ ನಾರ್ಡೌ ಸಮಾಧಾನ ಹೇಳಿ ನೋಡಿದ. ಜಾಗ ನೋಡಿ ಬರಲು ತಂಡ ಕಳಿಸುವುದೋ ಬೇಡವೋ ಎಂದು ಮತಕ್ಕೆ ಹಾಕಿದಾಗ ಬೇಕು ಅಂದವರು 295, ಬೇಡ ಅಂದವರು 178.

ನನಗೆ ಈ ಎಣಿಕೆಗಿಂತ ಯಾರು ಯಾವ ಕಡೆ ಕೈ ಎತ್ತಿದರು ಅನ್ನುವುದೇ ಜಾಸ್ತಿ ಕುತೂಹಲ. ಹಲ್ಲೆ ತಿಂದ ಕಿಶಿನೇವ್‌ನ ಪ್ರತಿನಿಧಿಗಳು ಬೇಡ ಅಂದರು. ರಷ್ಯಾದ ಪ್ರತಿನಿಧಿಗಳಲ್ಲಿ ತುಂಬಾ ಜನ ಸಭೆಯಿಂದಲೇ ಎದ್ದು ಹೋದರು, ಕೆಲವರು ಅತ್ತರು. ಕುತ್ತಿಗೆಗೆ ಹಗ್ಗ ಬಿದ್ದಿದ್ದರೂ ಬೇಡ ಅನ್ನುತ್ತಾರಲ್ಲ ಎಂದು ಹರ್ಜಲ್ ಬೆರಗಾದ. ಅತ್ತ ರಬ್ಬಿ ರೈನ್ಸ್ ಅವರ ಮಿಜ್ರಾಹಿ ಪಕ್ಷ, ಅಂದರೆ ಸಂಪ್ರದಾಯಸ್ಥರ ಗುಂಪು, ಬಹುಪಾಲು ಆಫ್ರಿಕಾ ಕಡೆಗೇ ನಿಂತಿತು! ಪುಣ್ಯಭೂಮಿಯ ಬಿಡುಗಡೆ ದೇವರ ಕೆಲಸ, ಈಗ ಜೀವ ಉಳಿಸಿಕೊಳ್ಳುವುದು ನಮ್ಮ ಕೆಲಸ ಎಂಬ ನೋಟ ಅವರದ್ದು. ಹೀಬ್ರೂ ಭಾಷೆಯನ್ನು ಮನೆಮಾತಾಗಿ ಮಾಡಲು ಜೀವ ತೇಯ್ದ, ಜೆರುಸಲೇಮಿನಲ್ಲೇ ಇದ್ದ ಬೆನ್ ಯೆಹೂದಾ ಕೂಡ ಆಫ್ರಿಕಾ ಪರ.

ಜಗಳ ಮಾತಿನಲ್ಲೇ ಮುಗಿಯಲಿಲ್ಲ. ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಯಹೂದಿ ಯುವಕನೊಬ್ಬ ನಾರ್ಡೌ ಮೇಲೆ ಗುಂಡು ಹಾರಿಸಿದ. ಗುಂಡು ತಪ್ಪಿತು. ಹರ್ಜಲ್ 1904ರ ಜುಲೈನಲ್ಲಿ, 44ನೇ ವಯಸ್ಸಿಗೇ ತೀರಿಕೊಂಡ. ಜಾಗ ನೋಡಿ ಬಂದ ತಂಡದ ವರದಿಯಲ್ಲಿ ಆಸೆ ಹುಟ್ಟಿಸುವಂಥದ್ದು ಹೆಚ್ಚಿರಲಿಲ್ಲ, ಅಲ್ಲಿ ನೆಲೆಸಿದ್ದ ಬಿಳಿಯರೂ ತಕರಾರು ಎತ್ತಿದ್ದರು. 1905ರ ಸಭೆ ಯೋಜನೆಯನ್ನು ಕೈಬಿಟ್ಟಿತು. ಲೇಖಕ ಇಸ್ರೇಲ್ ಜಾಂಗ್ವಿಲ್ ಮಾತ್ರ ಸಿಟ್ಟಾಗಿ ಹೊರಬಂದು, ‘ಎಲ್ಲಾದರೂ ಸರಿ, ನೆಲ ಬೇಕು’ ಎಂದು ಬೇರೆ ಸಂಘ ಕಟ್ಟಿದ.

ಈಗ ಚರ್ಚಿನ ಹಿರಿಯರ ಮಾತಿಗೆ ಬರೋಣ. ಅವರದ್ದು ಪೂರ್ತಿ ತಪ್ಪಲ್ಲ. ಇಂಗ್ಲೆಂಡ್, ಅಮೆರಿಕದ ಒಂದು ಬಗೆಯ ಪ್ರೊಟೆಸ್ಟೆಂಟರು ಜಿಯೋನಿಸ್ಟ್ ಸಭೆ ಹುಟ್ಟುವ ಮೊದಲೇ ಇದನ್ನು ಹೇಳುತ್ತಿದ್ದರು. 1891ರಲ್ಲಿ ಶಿಕಾಗೋದ ವಿಲಿಯಂ ಬ್ಲ್ಯಾಕ್‌ಸ್ಟೋನ್ 413 ಗಣ್ಯರ ಸಹಿ ಹಾಕಿಸಿ, ಯಹೂದಿಗಳಿಗೆ ಪ್ಯಾಲೆಸ್ಟೀನ್ ಕೊಡಿಸಿ ಎಂದು ಅಮೆರಿಕದ ಅಧ್ಯಕ್ಷರಿಗೆ ಮನವಿ ಕೊಟ್ಟ. ಶ್ರೀಮಂತ ರಾಕ್‌ಫೆಲರ್ ಸಹಿಯೂ ಅದರಲ್ಲಿತ್ತು.

ಇವರಲ್ಲಿ ನನಗೆ ಇಷ್ಟವಾದವನು ವಿಲಿಯಂ ಹೆಕ್ಲರ್. ಹುಟ್ಟಿದ್ದು ನಮ್ಮ ಕಾಶಿಯಲ್ಲಿ, 1845ರಲ್ಲಿ, ಜರ್ಮನ್ ಮಿಷನರಿಯ ಮಗನಾಗಿ. ಮುಂದೆ ವಿಯೆನ್ನಾದ ಬ್ರಿಟಿಷ್ ರಾಯಭಾರ ಕಚೇರಿಯ ಪಾದ್ರಿಯಾದ. ಬೈಬಲ್ಲಿನ ಪ್ರಕಟನೆ ಪುಸ್ತಕದಲ್ಲಿ 42 ತಿಂಗಳು ಎಂದಿದೆಯಲ್ಲ, ಅಂದರೆ 1260 ದಿನ. ಒಂದು ದಿನಕ್ಕೆ ಒಂದು ವರ್ಷ ಹಿಡಿದ. ಖಲೀಫ ಉಮರ್ ಕೈಗೆ ಜೆರುಸಲೇಮ್ ಹೋದ 637–38ಕ್ಕೆ ಅದನ್ನು ಕೂಡಿಸಿದ. ಬಂತು 1897–98. ಯಹೂದಿಗಳು ತಮ್ಮ ನೆಲಕ್ಕೆ ಮರಳುವ ಕಾಲ ಅದೇ ಎಂದು ನಂಬಿದ. 1896ರ ಮಾರ್ಚ್‌ನಲ್ಲಿ ಹರ್ಜಲ್‌ನ ಮನೆಗೇ ಹೋಗಿ ಕೂತ. ಹರ್ಜಲ್‌ಗೆ ಈ ಲೆಕ್ಕಾಚಾರದಲ್ಲಿ ನಂಬಿಕೆ ಇರಲಿಲ್ಲ. ಆದರೆ ಹೆಕ್ಲರ್‌ಗೆ ಬಾಡೆನ್ ಸಂಸ್ಥಾನದ ದೊರೆಯ ಪರಿಚಯವಿತ್ತು, ಆ ದೊರೆ ಜರ್ಮನ್ ಚಕ್ರವರ್ತಿಯ ಬಂಧು. ಬಾಗಿಲು ತೆರೆಸಿಕೊಡುವವನನ್ನು ಯಾರು ಬಿಡುತ್ತಾರೆ?

ಕ್ಯಾಥೊಲಿಕರ ಕಡೆ ಬಾಗಿಲು ತೆರೆಯಲಿಲ್ಲ. 1904ರ ಜನವರಿಯಲ್ಲಿ ಹರ್ಜಲ್ ಹತ್ತನೇ ಪಯಸ್ ಪೋಪರನ್ನು ಕಂಡ. ಯಹೂದಿಗಳು ನಮ್ಮ ಪ್ರಭುವನ್ನು ಒಪ್ಪಲಿಲ್ಲ, ಆದ್ದರಿಂದ ನಾವೂ ಯಹೂದಿ ಜನರನ್ನು ಒಪ್ಪಲಾರೆವು ಎಂಬರ್ಥದ ಮಾತು ಪೋಪರಿಂದ ಬಂತು. ನೀವು ಅಲ್ಲಿಗೆ ಹೋದರೆ ನಿಮಗೆಲ್ಲ ದೀಕ್ಷಾಸ್ನಾನ ಕೊಡಲು ನಮ್ಮ ಪಾದ್ರಿಗಳು ತಯಾರಿರುತ್ತಾರೆ ಎಂದೂ ಹೇಳಿದರು. ಇದೆಲ್ಲ ಹರ್ಜಲ್‌ನ ದಿನಚರಿಯಲ್ಲಿದೆ.

ಇನ್ನು ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾಗಿದ್ದ ಬಾಲ್ಫರ್. 1917ರ ನವೆಂಬರ್ 2ರ ಘೋಷಣೆಯಲ್ಲಿ ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ‘ರಾಷ್ಟ್ರೀಯ ನೆಲೆ’ ಎಂದು ಮಾತು ಕೊಟ್ಟವನು. ಇದೇ ಮನುಷ್ಯ ಪ್ರಧಾನಿಯಾಗಿದ್ದಾಗ, 1905ರಲ್ಲಿ, ರಷ್ಯಾ ಕಡೆಯಿಂದ ಓಡಿಬರುತ್ತಿದ್ದ ಯಹೂದಿಗಳು ಬ್ರಿಟನ್ನಿಗೆ ಬರದ ಹಾಗೆ ತಡೆಯುವ ಕಾನೂನು ಆಗಿತ್ತು. ಘೋಷಣೆಯನ್ನು ಗಟ್ಟಿಯಾಗಿ ವಿರೋಧಿಸಿದವನು ಮಂತ್ರಿಗಳಲ್ಲಿದ್ದ ಯಹೂದಿಯೇ, ಎಡ್ವಿನ್ ಮಾಂಟೆಗು. ಶಾಲೆಯಲ್ಲಿ ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆ ಅಂತ ಬಾಯಿಪಾಠ ಮಾಡಿದ್ದೀರಲ್ಲ, ಆ ಭಾರತ ಮಂತ್ರಿ. ಪ್ಯಾಲೆಸ್ಟೀನನ್ನು ನಮ್ಮ ದೇಶ ಅಂದುಬಿಟ್ಟರೆ, ಉಳಿದ ಕಡೆ ನಾವು ಪರದೇಶಿಗಳಾಗುತ್ತೇವೆ ಅನ್ನುವುದು ಅವನ ಭಯ.

ಒಂದು ಗುಂಪನ್ನು ನಿಮ್ಮ ಹಿರಿಯರು ಬಹುಶಃ ಲೆಕ್ಕಕ್ಕೇ ತಗೊಂಡಿಲ್ಲ. ಪ್ಯಾಲೆಸ್ಟೀನಿನಲ್ಲೇ ತಲೆತಲಾಂತರದಿಂದ ಇದ್ದ ಅರಬ್ ಕ್ರೈಸ್ತರು. 1911ರಲ್ಲಿ ಯಾಫಾ ಊರಿನಲ್ಲಿ ‘ಫಲಸ್ತೀನ್’ ಎಂಬ ಪತ್ರಿಕೆ ಶುರುವಾಯಿತು. ಯಹೂದಿಗಳು ಬಂದು ಭೂಮಿ ಕೊಳ್ಳುವುದರ ವಿರುದ್ಧ ಅದು ಸತತವಾಗಿ ಬರೆಯಿತು. ಅದನ್ನು ಹುಟ್ಟುಹಾಕಿದ ಈಸಾ ಅಲ್ ಈಸಾ ಆರ್ಥೊಡಾಕ್ಸ್ ಚರ್ಚಿನವನು.