ಹದಿನಾಲ್ಕನೇ ದಿನದ ಲೆಕ್ಕ

ಮಗು ಆಗಲಿಲ್ಲ ಅಂತ ಸಲಹೆ ಕೇಳಲು ಸುಧಾ ನನ್ನ ಹತ್ತಿರ ಮೊದಲ ಸಲ ಬಂದಾಗ ಚೀಲದಿಂದ ಆಸ್ಪತ್ರೆ ಫೈಲಿಗಿಂತ ಮೊದಲು ತೆಗೆದದ್ದು ಗೋಡೆ ಕ್ಯಾಲೆಂಡರ್. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಬಿಡಿಸಿದರೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು. ಇವುಗಳ ನಡುವೆ ಅಲ್ಲಲ್ಲಿ ಪೆನ್ಸಿಲ್‌ನ ಸಣ್ಣ ಚುಕ್ಕಿ.

"ಚುಕ್ಕಿ ಇರೋದು ಮುಟ್ಟಾದ ದಿನ ರೀ ಮೇಡಂ. ಬಂದವರಿಗೆ ಕಾಣಬಾರದು ಅಂತ ಸಣ್ಣಗೆ ಇಟ್ಟೀನಿ."

(ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆದಿದ್ದೇನೆ.)

ಸುಧಾಗೆ 31 ವರ್ಷ. ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಅತಿಥಿ ಶಿಕ್ಷಕಿ. ಗಂಡ ಬಸವರಾಜ್‌ಗೆ 35. ಬೆಂಗಳೂರಿನ ಪೀಣ್ಯದಲ್ಲಿ ಕಬ್ಬಿಣ ಕಾಯಿಸಿ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸ. ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸಿಗೆ ಊರಿಗೆ ಬರುತ್ತಾರೆ. ಮದುವೆಯಾಗಿ ನಾಲ್ಕು ವರ್ಷ, ಮಗು ಬೇಕು ಅಂತ ಪ್ರಯತ್ನ ಮಾಡಲು ಶುರುಮಾಡಿ ಎರಡು ವರ್ಷ.

ಎದುರು ಸಿಕ್ಕವರೆಲ್ಲ "ಏನಾದ್ರೂ ವಿಶೇಷ ಐತೇನು?" ಅಂತ ಕೇಳುವುದನ್ನು ಸುಧಾ ಸಹಿಸಿಕೊಂಡಿದ್ದರು. ಸಹಿಸಲಾಗದ್ದು ನಾದಿನಿಯ ಕುಬುಸದ (ಸೀಮಂತದ) ದಿನ ನಡೆದದ್ದು. ಹಸಿರು ಬಳೆ ಇಟ್ಟ ತಟ್ಟೆ ಹಿಡಿದು ಮುಂದೆ ಹೋದಾಗ ಹಿರಿಯರೊಬ್ಬರು, "ನೀ ಒಳಗ ಅಡಿಗಿ ನೋಡ್ಕೋ ಹೋಗವ್ವ" ಅಂದರಂತೆ. ಬೈದಂತೆ ಇರಲಿಲ್ಲ, ಮೆತ್ತಗೇ ಹೇಳಿದ್ದು. ಸುಧಾ ತಟ್ಟೆ ಇಟ್ಟು ಒಳಗೆ ಹೋದರು. ಊಟ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಅತ್ತೆ ಅಲ್ಲೇ ಇದ್ದರು, ಒಂದು ಮಾತೂ ಆಡಲಿಲ್ಲ. ಇದನ್ನು ಹೇಳುವಾಗ ಸುಧಾ ತುಂಬಾ ಅತ್ತರು. ಆ ದಿನ ನಾನು ಸಲಹೆ ಏನೂ ಕೊಡಲಿಲ್ಲ. ಅಳು ಮುಗಿಯದೆ ಲೆಕ್ಕ ಹೇಳಿಕೊಡುವುದು ಸರಿಯಲ್ಲ.

ಒಂದು ವಾರ ಬಿಟ್ಟು ಬಂದಾಗ ಚಿಕಿತ್ಸೆಯ ವಿಷಯ ಕೇಳಿದೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ತಿಂಗಳು ಅಂಡ ಬೆಳೆಯುವ ಮಾತ್ರೆ ಕೊಟ್ಟಿದ್ದರು. ಗಂಡನ ಒಂದು ಪರೀಕ್ಷೆಯನ್ನೂ ಬರೆದಿರಲಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣ ಇರುತ್ತದೆ. ಅದೊಂದೇ ಕಾರಣ ಆಗಿರಬಹುದು, ಹೆಂಡತಿಯ ತೊಂದರೆಯ ಜೊತೆ ಸೇರಿರಬಹುದು. ಹೀಗಿರುವಾಗ ಹೆಂಗಸಿಗೆ ಮಾತ್ರ ಆರು ತಿಂಗಳು ಮಾತ್ರೆ ನುಂಗಿಸುವುದು ನನಗೆ ಸರಿ ಕಾಣುವುದಿಲ್ಲ. ಇದರ ಮೇಲೆ ಯಾರೋ ಕೊಟ್ಟ ನಾಟಿ ಪುಡಿ ಬೇರೆ. ಒಳಗೆ ಏನಿದೆ ಅಂತ ಕೊಟ್ಟವರೇ ಹೇಳಲಿಲ್ಲವಂತೆ. ಅದನ್ನು ಅವತ್ತೇ ನಿಲ್ಲಿಸಿ ಅಂದೆ.

ಆಮೇಲೆ ಕ್ಯಾಲೆಂಡರ್ ಬಿಡಿಸಿ ಇಬ್ಬರೂ ಕೂತೆವು.

ಚುಕ್ಕಿಯಿಂದ ಚುಕ್ಕಿಗೆ ಎಣಿಸಿದರೆ 35, 37, 36, 35, 38, 36 ದಿನ. ತಿಂಗಳಿಗಿಂತ ಉದ್ದ, ಆದರೆ ಹೆಚ್ಚುಕಡಿಮೆ ಒಂದೇ ಸಮ. ನಂತರ ಗಂಡ ಊರಿಗೆ ಬಂದ ದಿನಗಳಿಗೆ ಗೆರೆ ಎಳೆಯಲು ಹೇಳಿದೆ. ಕೆಲವು ಗೆರೆಗಳು ಚುಕ್ಕಿಯಿಂದ ಹದಿಮೂರು, ಹದಿನಾಲ್ಕನೇ ದಿನದ ಸುತ್ತ ಬಿದ್ದವು. ಉಳಿದ ಗೆರೆಗಳು 28ರ ಆಸುಪಾಸು.

"ಹದಿನಾಲ್ಕನೇ ದಿನ ಸೇರಬೇಕು ಅಂತ ಫೋನ್‌ನಾಗ ವಿಡಿಯೋ ನೋಡಿದ್ವಿ. ಅವರು ರಜಾ ಹಾಕಿ, ಸಂಬಳ ಕಟ್ ಮಾಡಿಸ್ಕೊಂಡು ಬರ್ತಿದ್ರು ರೀ."

ಎರಡು ವರ್ಷ ಹೀಗೆ ನಡೆದಿತ್ತು. ಆ ಮನುಷ್ಯ ಆರೇಳು ಗಂಟೆ ಬಸ್ಸಿನಲ್ಲಿ ಕೂತು ಬಂದದ್ದೆಲ್ಲ ತಪ್ಪು ದಿನಕ್ಕೆ.

28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹದಿನಾಲ್ಕನೇ ದಿನದ ಲೆಕ್ಕ ಸುಮಾರಾಗಿ ಹೊಂದುತ್ತದೆ. ಎಲ್ಲರಿಗೂ ಹೊಂದುವುದಿಲ್ಲ. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಅಂದರೆ ಹಿಂದಿನಿಂದ ಎಣಿಸಬೇಕು. 35 ದಿನದ ಚಕ್ರದಲ್ಲಿ ಅದು 21ನೇ ದಿನದ ಹತ್ತಿರ, 38 ದಿನದ್ದಾದರೆ 24ರ ಹತ್ತಿರ. ಹೊರಬಂದ ಅಂಡ ಹೆಚ್ಚೆಂದರೆ ಒಂದು ದಿನ ಇರುತ್ತದೆ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಅಂಡ ಬರುವ ದಿನ ಮತ್ತು ಅದರ ಹಿಂದಿನ ಐದು ದಿನ ಗರ್ಭ ನಿಲ್ಲಲು ಅವಕಾಶ ಇರುವ ದಿನಗಳು. ಕೊನೆಯ ಎರಡು ಮೂರು ದಿನದಲ್ಲಿ ಅವಕಾಶ ಜಾಸ್ತಿ. ಸುಧಾ ಪಾಲಿಗೆ ಆ ಆರು ದಿನದ ಕಿಟಕಿ 16ರಿಂದ 24ನೇ ದಿನದ ನಡುವೆ ಎಲ್ಲಾದರೂ ಬೀಳಬಹುದು. ಹದಿನಾಲ್ಕರಂದು ಬಂದು ಭಾನುವಾರ ರಾತ್ರಿ ಹೊರಟುಹೋದರೆ ಏನು ಪ್ರಯೋಜನ?

ಆ ದಿನಗಳಲ್ಲಿ ದೇಹ ಏನಾದರೂ ಸೂಚನೆ ಕೊಡುತ್ತದಾ ಅಂತ ಕೇಳಿದೆ. ಸುಧಾ ನಾಚಿಕೊಂಡು, "ಬಿಳಿ ಸೆರಗು ಹೋಗ್ತದ ರೀ, ನೀರಿನಂಗ, ಎಳೆ ಎಳೆ. ಅದಕ್ಕೂ ಔಷಧಿ ತಗೊಂಡೀನಿ" ಅಂದರು.

ಯಾವಾಗ ಹೋಗುತ್ತದೆ? ಚುಕ್ಕಿ ಇಟ್ಟು ಎರಡೂವರೆ ಮೂರು ವಾರಕ್ಕೆ. ವಾಸನೆ ಇದೆಯಾ? ಇಲ್ಲ. ತುರಿಕೆ? ಇಲ್ಲ. ಎರಡು ಬೆರಳ ನಡುವೆ ಹಿಡಿದರೆ? ಹಸಿ ಮೊಟ್ಟೆಯ ಬಿಳಿ ಭಾಗದ ಹಾಗೆ ಉದ್ದಕ್ಕೆ ಎಳೆಯುತ್ತದೆ.

ಅದು ರೋಗ ಅಲ್ಲ. ಅಂಡ ಹೊರಬರುವ ಹೊತ್ತಿಗೆ ಗರ್ಭಕಂಠದಿಂದ ಬರುವ ಲೋಳೆ. ವೀರ್ಯಾಣು ಮೇಲೆ ಈಜಿಕೊಂಡು ಹೋಗಲು ಅದೇ ದಾರಿ. ಸುಧಾ ಅದನ್ನು ಸೋಂಕು ಅಂದುಕೊಂಡು, ಆಕಸ್ಮಾತ್ ಆ ದಿನಗಳಲ್ಲಿ ಗಂಡ ಊರಿಗೆ ಬಂದಿದ್ದರೂ ಹತ್ತಿರ ಬರಬೇಡಿ ಅನ್ನುತ್ತಿದ್ದರು. ಅವರಿಗೂ ತಗುಲೀತು ಅನ್ನುವ ಭಯ. ಇದನ್ನು ಕೇಳಿ ನನಗೆ ನಿಜಕ್ಕೂ ಸಂಕಟ ಆಯಿತು. ಬಿ.ಎ., ಬಿ.ಎಡ್. ಮಾಡಿದ ಹೆಣ್ಣುಮಗಳು. ಇದನ್ನು ಅವರಿಗೆ ಶಾಲೆಯಲ್ಲೂ ಮನೆಯಲ್ಲೂ ಒಬ್ಬರೂ ಹೇಳಿರಲಿಲ್ಲ. ಮೊಸರು ಒಡೆದ ಹಾಗೆ ಗಟ್ಟಿಯಾಗಿ, ತುರಿಕೆ ಅಥವಾ ಕೆಟ್ಟ ವಾಸನೆ ಜೊತೆ ಹೋದರೆ ಡಾಕ್ಟರಿಗೆ ತೋರಿಸಬೇಕು. ಉಳಿದಂತೆ ಈ ಎಳೆ ಎಳೆ ಲೋಳೆ ಕಂಡ ದಿನದಿಂದಲೇ ದಿನ ಬಿಟ್ಟು ದಿನ ಸೇರಿದರೆ ಒಳ್ಳೆಯದು.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಓವುಲೇಶನ್ ಸ್ಟ್ರಿಪ್ ಬಗ್ಗೆಯೂ ಹೇಳಿದೆ. ಮೂತ್ರದಲ್ಲಿ ನೋಡುವುದು. ಗೆರೆ ಗಾಢವಾಗಿ ಬಂದರೆ ಮುಂದಿನ ಒಂದು ಒಂದೂವರೆ ದಿನದಲ್ಲಿ ಅಂಡ ಹೊರಬರುವ ಸಾಧ್ಯತೆ. ಪಿಸಿಒಡಿ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಹೊರಬರದ ತೊಂದರೆ) ಇರುವವರಿಗೆ ಇದು ಸುಮ್ನೆ ದಾರಿ ತಪ್ಪಿಸಬಹುದು, ಅಂಥವರಿಗೆ ಸ್ಕ್ಯಾನ್ ವಾಸಿ.

ಮೂರನೇ ಭೇಟಿಗೆ ಬಸವರಾಜ್ ಬಂದರು. ಬಂದರು ಅನ್ನುವುದಕ್ಕಿಂತ ಗೇಟಿನವರೆಗೆ ಬಂದು ನಿಂತಿದ್ದರು. ಒಳಗೆ ಕೂತ ಮೇಲೂ ಹೇಳಿದ್ದು ಒಂದೇ ಮಾತು: "ನನಗೇನೂ ತೊಂದರೆ ಇಲ್ಲ ರೀ ಮೇಡಂ." ನಾನು ವಾದ ಮಾಡಲಿಲ್ಲ. ಕೆಲಸದ ಬಗ್ಗೆ ಕೇಳಿದೆ. ಎಂಟು ಗಂಟೆ ಕುಲುಮೆಯ ಪಕ್ಕ. ನಿದ್ದೆ ಬರಬಾರದು ಅಂತ ರಾತ್ರಿ ಪಾಳಿಯಲ್ಲಿ ಗುಟ್ಕಾ, ದಿನಕ್ಕೆ ಏಳೆಂಟು ಪೊಟ್ಟಣ.

ವೃಷಣ ದೇಹದ ಹೊರಗೆ ಇರುವುದೇ ತಂಪು ಬೇಕು ಅಂತ. ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಇದ್ದರೆ ವೀರ್ಯಾಣು ಚೆನ್ನಾಗಿ ಬೆಳೆಯುತ್ತವೆ. ಕುಲುಮೆಯ ಶಾಖ, ಬಿಗಿ ಜೀನ್ಸು, ತೊಡೆಯ ಮೇಲಿನ ಲ್ಯಾಪ್‌ಟಾಪು ಇವೆಲ್ಲ ಅದಕ್ಕೆ ಅಡ್ಡ. ತಂಬಾಕು ವೀರ್ಯಾಣುವಿನ ಸಂಖ್ಯೆ, ಚಲನೆ ಎರಡನ್ನೂ ಕೆಡಿಸುತ್ತದೆ. ಜಿಮ್‌ಗೆ ಹೋಗುವ ಹುಡುಗರಿಗೆ ಇನ್ನೊಂದು ಮಾತು ಇಲ್ಲೇ ಹೇಳುತ್ತೇನೆ. ಮೈಕಟ್ಟಿಗೆ ಅಂತ ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಬಲ್ಲದು. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ರಿಪೋರ್ಟು ಮೊದಲು ನೀವೇ ನೋಡಿ, ಯಾರಿಗೆ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು ಅಂದ ಮೇಲೆ ಬಸವರಾಜ್ ಪರೀಕ್ಷೆಗೆ ಒಪ್ಪಿದರು. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು ಸ್ಯಾಂಪಲ್ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯಲ್ಲಿ ಕೆಳಗಿನ ಮಿತಿ ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಶೇ. 42ರಷ್ಟು ಚಲಿಸುತ್ತಿರಬೇಕು. ಬಸವರಾಜ್ ಅವರ ಸಂಖ್ಯೆ ಚೆನ್ನಾಗಿತ್ತು, ಚಲನೆ ಮಾತ್ರ ಶೇ. 28. ಫೋನ್ ಮಾಡಿ ತುಂಬಾ ಹೊತ್ತು ಸುಮ್ಮನಿದ್ದರು. ಇದು ಪಾಸು ಫೇಲು ಹೇಳುವ ಅಂಕಪಟ್ಟಿ ಅಲ್ಲ, ಮಿತಿಗಿಂತ ಕಡಿಮೆ ಇದ್ದವರಿಗೂ ಮಕ್ಕಳಾಗಿವೆ ಅಂತ ವಿವರಿಸಿದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಇವತ್ತು ಗುಟ್ಕಾ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳಿಗೆ. ಆ ಮೂರು ತಿಂಗಳು ಕುಲುಮೆ ಬಿಟ್ಟು ಪ್ಯಾಕಿಂಗ್ ಕಡೆ ಕೆಲಸ ಕೇಳಿ ನೋಡಿ ಅಂದೆ. ಮೇಸ್ತ್ರಿಗೆ ಕಾರಣ ಹೇಳಲಾಗದೆ ಸೊಂಟನೋವು ಅಂದರಂತೆ. ಕೆಲಸ ಸಿಕ್ಕಿತು.

ಆದರೆ ನಿಜವಾದ ಕಷ್ಟ ಮನೆಯಲ್ಲಿ. ಎರಡು ಕೋಣೆಯ ಮನೆ. ಪಡಸಾಲೆಯಲ್ಲಿ ಮಾವ, ಅವರ ಕೆಮ್ಮು. ಸೋಮವಾರ ಆಗದು, ಅಮಾವಾಸ್ಯೆ ಹುಣ್ಣಿಮೆ ಆಗದು, ಅತ್ತೆಯ ಕಟ್ಟುನಿಟ್ಟು. ಉಳಿದ ರಾತ್ರಿ "ಇವತ್ತು ಆಗಲೇಬೇಕು" ಅನ್ನುವ ಒತ್ತಡ. "ಪಾಳಿ ಕೆಲಸದಂಗ ಆಗೇತಿ ರೀ" ಅಂತ ಬಸವರಾಜ್ ಒಮ್ಮೆ ತಲೆ ತಗ್ಗಿಸಿ ಹೇಳಿದರು. ಇಂಥ ಒತ್ತಡದಲ್ಲಿ ಗಂಡಸಿಗೆ ಆಗದೆ ಹೋಗುವುದು ಸಹಜ. ಅದನ್ನು ದೋಷ ಅಂದುಕೊಂಡರೆ ಇನ್ನಷ್ಟು ಕಷ್ಟ. ವ್ರತ ಮುರಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆರು ದಿನದ ಕಿಟಕಿಯಲ್ಲಿ ಎರಡು ದಿನ ವ್ರತಕ್ಕೆ ಹೋದರೆ ಉಳಿಯುವುದು ನಾಲ್ಕೇ, ಅಷ್ಟು ಅವರ ಮುಂದಿಟ್ಟೆ.

ದಾರಿ ಸುಧಾ ಅವರೇ ಹುಡುಕಿದರು. ಏಪ್ರಿಲ್ ಮೇ ಶಾಲೆಗೆ ರಜೆ, ಅತಿಥಿ ಶಿಕ್ಷಕಿಗೆ ಆಗ ಸಂಬಳವೂ ಇಲ್ಲ. ಬೆಂಗಳೂರಿಗೆ ಹೋಗಿ ಸಣ್ಣ ಕೋಣೆ ಮಾಡುವುದು. ಎಮ್ಮೆ ಯಾರು ನೋಡಬೇಕು ಅಂತ ಅತ್ತೆ ತಕರಾರು ತೆಗೆದರು. ನಾದಿನಿ ಬಂದು ಇರುತ್ತೇನೆ ಅಂದಳು.

ಹೊರಡುವ ಮುಂಚೆ ಹೇಳಿದ ಕೆಲವು ಮಾತು. ಮಲಗುವ ಭಂಗಿ, ಆಮೇಲೆ ಕಾಲು ಮೇಲೆತ್ತಿ ಮಲಗುವುದು, ಇದರಿಂದ ವ್ಯತ್ಯಾಸ ಏನೂ ಇಲ್ಲ. ಎಂಜಲು ಮತ್ತು ಅಂಗಡಿಯ ಎಷ್ಟೋ ಜೆಲ್‌ಗಳು ವೀರ್ಯಾಣುವಿಗೆ ಒಳ್ಳೆಯದಲ್ಲ. ಥೈರಾಯ್ಡ್, ಸಕ್ಕರೆ, ರಕ್ತ ಪರೀಕ್ಷೆ ಮಾಡಿಸಿ. ಫೋಲಿಕ್ ಆಸಿಡ್ ಈಗಲೇ ಶುರುಮಾಡಿ. ಮಗುವಿನ ಮಿದುಳು, ಬೆನ್ನುಹುರಿಯ ನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಬಸುರಿ ಅಂತ ಗೊತ್ತಾಗುವ ಮೊದಲೇ ಅದು ಮುಗಿದಿರುತ್ತದೆ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 5 ಮಿಲಿಗ್ರಾಂನದ್ದು. ಆದ್ದರಿಂದ ಯಾವುದು ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು ವಿಷಯ ಮಾತಿನ ಕೊನೆಗೆ ಹೊರಬಂತು. ಪಿಯುಸಿ ಓದುವಾಗ ಸುಧಾಗೆ ಕುತ್ತಿಗೆಯ ಗಂಟಿಗೆ ಟಿ.ಬಿ. ಆಗಿತ್ತು, ಆರು ತಿಂಗಳು ಮಾತ್ರೆ ತೆಗೆದುಕೊಂಡು ವಾಸಿಯಾಗಿತ್ತು. ಮದುವೆಗೆ ತೊಂದರೆ ಆದೀತು ಅಂತ ತವರಿನವರು ಮುಚ್ಚಿಟ್ಟಿದ್ದರು. ಹಾಗಾಗಿ ಯಾವ ಡಾಕ್ಟರಿಗೂ ಹೇಳಿರಲಿಲ್ಲ. ನಮ್ಮ ದೇಶದಲ್ಲಿ ಗರ್ಭನಾಳ ಕಟ್ಟಿಕೊಳ್ಳಲು ಟಿ.ಬಿ. ಒಂದು ಮುಖ್ಯ ಕಾರಣ. ದಿನಗಳ ಲೆಕ್ಕ ಎಷ್ಟು ಸರಿ ಇದ್ದರೂ ನಾಳ ಮುಚ್ಚಿದ್ದರೆ ಅಂಡ ವೀರ್ಯಾಣು ಸೇರಲಾರವು. ಹೆಂಡತಿಗೆ 35ರ ಒಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ಆಮೇಲೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾರೆ. ಟಿ.ಬಿ. ಆಗಿದ್ದವರು, ಮುಟ್ಟು ತೀರಾ ಏರುಪೇರು ಇರುವವರು, ಮುಟ್ಟಿನಲ್ಲಿ ತಡೆಯಲಾಗದ ನೋವು ಇರುವವರು ಅಷ್ಟೂ ಕಾಯಬಾರದು. ಪತ್ರ ಬರೆದುಕೊಟ್ಟು ತಜ್ಞರ ಹತ್ತಿರ ಕಳಿಸಿದೆ. ಗರ್ಭನಾಳ ತೆರೆದಿದೆಯಾ ಅಂತ ನೋಡುವ ಎಚ್.ಎಸ್.ಜಿ. ಎಕ್ಸ್‌ರೇಯಲ್ಲಿ ಒಂದು ನಾಳ ಮುಚ್ಚಿತ್ತು, ಇನ್ನೊಂದು ತೆರೆದಿತ್ತು.

ಬೆಂಗಳೂರಿನ ಎರಡು ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಗುಟ್ಕಾ ಬಿಟ್ಟು ಮೂರೂವರೆ ತಿಂಗಳಿಗೆ ಬಸವರಾಜ್ ಅವರ ಚಲನೆ ಶೇ. 40ಕ್ಕೆ ಬಂತು. ಒಂದು ನಾಳ ಸಾಕು, ಇನ್ನು ನಾಲ್ಕು ತಿಂಗಳು ಸ್ಕ್ಯಾನ್ ನೋಡಿಕೊಂಡು ಪ್ರಯತ್ನಿಸಿ, ಆಗದಿದ್ದರೆ ಮುಂದಿನ ಚಿಕಿತ್ಸೆ ಮಾತಾಡೋಣ ಅಂದಿದ್ದಾರೆ ಡಾಕ್ಟರು. ಅದರಲ್ಲಿ ಒಂದು ತಿಂಗಳು ಕಳೆದಿದೆ. ಗರ್ಭ ನಿಂತವರ ಕಥೆ ಮಾತ್ರ ಬರೆದರೆ ಕಾಯುತ್ತಿರುವವರಿಗೆ ಮೋಸ ಮಾಡಿದ ಹಾಗೆ. ಅದಕ್ಕೇ ಈ ಪ್ರಕರಣವನ್ನು ಈಗಲೇ ಬರೆಯುತ್ತಿದ್ದೇನೆ.

ಕಳೆದ ವಾರ ಬಸವರಾಜ್ ಫೋನ್ ಮಾಡಿದ್ದರು. ಮೊದಲೆಲ್ಲ ಸುಧಾ ಮಾಡುತ್ತಿದ್ದರು.

"ಮೇಡಂ, ಈ ಸಲ ಚುಕ್ಕಿ 3ನೇ ತಾರೀಖಿಗೆ ಬಿದ್ದೈತ್ರಿ. 18ರಿಂದ 26 ಅಲ್ಲೇನ್ರೀ? ರಜಾ ಬರೆದು ಕೊಟ್ಟೀನಿ. ನಡುವ ಒಂದು ಸೋಮವಾರ ಬರ್ತದ. ಅವ್ವನ ಹತ್ರ ನಾನೇ ಮಾತಾಡ್ತೀನಿ."