ಕೋಯಿ ಮೀನು ಸಾಕುವ ಹವ್ಯಾಸ ಇಷ್ಟು ಹಬ್ಬುತ್ತಿರುವುದೇಕೆ? ಮನೆಯ ಕೊಳದಲ್ಲೇ ಮರಿ ಮಾಡಿಸಿ ಮಾರಬಹುದೇ?

ಸಾಕಿ, ಧಾರಾಳವಾಗಿ ಸಾಕಿ. ಮರಿ ಮಾಡಿಸಿ ಮಾರುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಬದಿಗಿಡಿ.

ಜನರನ್ನು ಸೆಳೆಯುವುದು ಬಣ್ಣವೊಂದೇ ಅಲ್ಲ. ಕೋಯಿ ಎಂದರೆ ಅಂದಕ್ಕಾಗಿ ಸಾಕುವ ಬಣ್ಣದ ಗೆಂಡೆ (ಕಾರ್ಪ್); ಬೇಗ ಒಗ್ಗಿಕೊಳ್ಳುವ ಮೀನು. ಆಹಾರ ಹಾಕುವವರು ಬಂದರೆ ದಡಕ್ಕೆ ಈಜಿ ಬರುತ್ತದೆ, ರೂಢಿಯಾದರೆ ಕೈಯಿಂದಲೇ ತಿನ್ನುತ್ತದೆ. ಒಂದರ ಮೈಮೇಲಿನ ಚಿತ್ತಾರ ಇನ್ನೊಂದಕ್ಕಿರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ 25–30 ವರ್ಷ ನಿಮ್ಮೊಡನಿರುತ್ತದೆ. ಇದಕ್ಕಿಂತ ದೊಡ್ಡ ಆಕರ್ಷಣೆ ನನಗೆ ಬೇರೆ ಕಂಡಿಲ್ಲ.

ಮಾರಾಟದ ಆಸೆ ಹುಟ್ಟಿಸುವುದು ಹರಾಜಿನ ಸುದ್ದಿಗಳು. 2018ರಲ್ಲಿ ಜಪಾನಿನ ಹಿರೋಶಿಮಾದಲ್ಲಿ ಕೆಂಪು-ಬಿಳಿಯ ಕೊಹಾಕು ಜಾತಿಯ ಒಂದೇ ಮೀನು 20 ಕೋಟಿ 30 ಲಕ್ಷ ಯೆನ್‌ಗೆ ಹೋಯಿತು. ಆದರೆ ಅಂಥ ಮೀನಿನ ಹಿಂದೆ ತಲೆಮಾರುಗಳ ಆಯ್ಕೆಯಿದೆ. ಜಪಾನಿನ ನೀಗಾತಾ ಪ್ರಾಂತ್ಯದ ಬೆಟ್ಟದೂರುಗಳ ಭತ್ತದ ರೈತರು ಊಟಕ್ಕೆಂದು ಸಾಕಿದ್ದ ಗೆಂಡೆ ಮೀನುಗಳಲ್ಲಿ 19ನೇ ಶತಮಾನದ ಹೊತ್ತಿಗೆ ಬಣ್ಣದ ಮರಿಗಳು ಕಾಣಿಸಿಕೊಂಡವು. ಅವನ್ನು ಆರಿಸಿ, ಕೂಡಿಸಿ, ಮತ್ತೆ ಆರಿಸುತ್ತಲೇ ಬಂದರು. 1914ರ ಟೋಕಿಯೋ ಪ್ರದರ್ಶನದ ನಂತರವೇ ಹೊರಗಿನವರ ಕಣ್ಣಿಗೆ ಇವು ಬಿದ್ದದ್ದು.

ದೊಡ್ಡ ಹೆಣ್ಣು ಮೀನೊಂದು ಒಮ್ಮೆಗೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ತಂದೆತಾಯಿ ಎಷ್ಟೇ ಸುಂದರವಾಗಿದ್ದರೂ ಮರಿಗಳು ಹಾಗೇ ಬರುವುದಿಲ್ಲ. ಮೊದಲ ತಿಂಗಳುಗಳಲ್ಲೇ ಮತ್ತೆ ಮತ್ತೆ ಆರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು. ಆಯ್ಕೆಯಾಗದ ಮರಿಗಳನ್ನೆಲ್ಲ ಏನು ಮಾಡುತ್ತೀರಿ? ಇದಕ್ಕೆ ಉತ್ತರವಿಲ್ಲದೆ ಮರಿ ಮಾಡಿಸುವುದು ತಪ್ಪು ಎಂದೇ ನನ್ನ ನಂಬಿಕೆ. ದಯವಿಟ್ಟು ಕೆರೆಗೆ ಮಾತ್ರ ಬಿಡಬೇಡಿ. ಬಣ್ಣ ಏನೇ ಇರಲಿ, ಅದು ಗೆಂಡೆಯೇ. ತಳದ ಕೆಸರು ಕೆದಕಿ ನೀರನ್ನು ಕದಡುತ್ತದೆ, ಜಲಸಸ್ಯಗಳನ್ನು ಹಾಳುಮಾಡುತ್ತದೆ.

ಈಗ ನಿಮ್ಮ ಗಮನವೆಲ್ಲ ನೀರಿನ ಮೇಲಿರಲಿ. ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ಫಿಲ್ಟರ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ (ಇದೂ ವಿಷವೇ), ಆಮೇಲೆ ಅಷ್ಟು ಹಾನಿ ಮಾಡದ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಹಲವು ವಾರ ಬೇಕು. ಹೊಸ ಕೊಳದ ಮೀನುಗಳು ಸಾಯುವುದು ಹೆಚ್ಚಾಗಿ ಈ ಅವಧಿಯಲ್ಲೇ. ಆದ್ದರಿಂದ ಮೂರೋ ನಾಲ್ಕೋ ಮೀನು ಬಿಟ್ಟು, ಕಡಿಮೆ ಆಹಾರ ಹಾಕಿ, ಪರೀಕ್ಷಾ ಕಿಟ್‌ನಿಂದ ನೀರು ನೋಡುತ್ತಿರಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ತುಂಬಿಸಿ. ಇಂದಿನ ಬೆರಳುದ್ದದ ಮರಿ ಮುಂದೆ 60 ಸೆಂಟಿಮೀಟರ್ ದಾಟುತ್ತದೆ ಎಂಬುದನ್ನು ಕೊಳ ತೋಡುವಾಗಲೇ ನೆನಪಿಡಿ.

ಹೊಸದಾಗಿ ತಂದ ಮೀನನ್ನು ನೇರವಾಗಿ ಕೊಳಕ್ಕೆ ಬಿಡಬೇಡಿ; ಕೆಲವು ವಾರ ಬೇರೆ ತೊಟ್ಟಿಯಲ್ಲಿಡಿ. ಮೀನಿನಿಂದ ಮೀನಿಗೆ ಹರಡಿ ಕೊಲ್ಲುವ ಕೋಯಿ ಹರ್ಪಿಸ್ ವೈರಸ್‌ಗೆ ಮದ್ದಿಲ್ಲ. ಬದುಕುಳಿದ ಮೀನೂ ಅದನ್ನು ಒಳಗಿಟ್ಟುಕೊಂಡಿರಬಹುದು.

ಕೊಳದ ಉದ್ದ, ಅಗಲ, ಆಳ ಬರೆದು ತಿಳಿಸಿದರೆ ಎಷ್ಟು ಮೀನು ಬಿಡಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.