ಹುಟ್ಟುಹಬ್ಬಕ್ಕೆ ಚನ್ನಪಟ್ಟಣ

ಪ್ರಶ್ನೆ: ಮಗಳಿಗೆ ಆರು ತುಂಬುತ್ತದೆ. ಈ ಸಲ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಬೊಂಬೆ ಅಂಗಡಿ ಬಿಟ್ಟು ಅಲ್ಲೇನು ನೋಡಬಹುದು?

ಉತ್ತರ: ಖಂಡಿತ ಹೋಗಿ. ಆದರೆ ರಸ್ತೆ ಪಕ್ಕದ ಅಂಗಡಿಯಲ್ಲೇ ನಿಲ್ಲಬೇಡಿ. ಬೆಂಗಳೂರು-ಮೈಸೂರು ರೈಲಿನಲ್ಲಿ ಹೋಗಿ ಇಳಿದು ಊರೊಳಗೆ ನಡೆಯಿರಿ, ಬೊಂಬೆ ಮಾಡುವ ಕಡೆ ಕೇಳಿಕೊಂಡು ಒಳಗೆ ಹೋಗಿ. ಅಲ್ಲಿ ಆಲೆ ಅನ್ನುವ ಮೆದು ಮರದ ತುಂಡು ಯಂತ್ರದಲ್ಲಿ ಗರಗರ ತಿರುಗುತ್ತಿರುತ್ತದೆ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿದಾಗ ಬರುವ ಹೊಳಪು ನೋಡಬೇಕು! ಮಗಳು ಅಲ್ಲಿಂದ ಕದಲುವುದೇ ಇಲ್ಲ, ನೋಡ್ತಿರಿ. ಯಂತ್ರದ ತೀರಾ ಹತ್ತಿರ ಬಿಡಬೇಡಿ, ಜಡೆ ಬಿಗಿಯಾಗಿ ಕಟ್ಟಿ. ಒಂದು ಬುಗುರಿ ಅವಳೇ ಆರಿಸಲಿ, ಜಾಸ್ತಿ ಚೌಕಾಸಿ ಮಾಡದೆ ಕೊಡಿಸಿ.